ಅಕ್ಷರ ತಪ್ಪಿ ಹುಟ್ಟಿದ ಹೆಸರು: ಐಯೋನಾ

ಹತ್ತನೇ ತರಗತಿಯ ಅಂಕಪಟ್ಟಿ ಕೈಗೆ ಬಂದಾಗ ಅದರಲ್ಲಿ ನನ್ನ ಹೆಸರು ‘ಫಾನ್ಜಿಯಾ’ ಎಂದಾಗಿತ್ತು. ಅಬ್ಬಾ ಇಂಗ್ಲಿಷಿನಲ್ಲಿ ಕೂಡಿಸಿ ಬರೆದಿದ್ದ ‘ಯು’ ಅಕ್ಷರವನ್ನು ಯಾರೋ ‘ಎನ್’ ಎಂದು ಓದಿದ್ದರು. ಫೌಜಿಯಾ ಎಂದರೆ ಗೆದ್ದವಳು. ಫಾನ್ಜಿಯಾ ಎಂದರೇನೆಂದು ನಮ್ಮ ದಾದಿಗೂ ಗೊತ್ತಿಲ್ಲ! ಅಫಿಡವಿಟ್ಟು, ನೋಟರಿ, ಎರಡು ಸಲ ಬಸ್ ಪ್ರಯಾಣ ಎಲ್ಲ ಆಯಿತು. ಇದೇ ‘ಯು’ ಮತ್ತು ‘ಎನ್’ ಗೊಂದಲದಿಂದಲೇ ಹುಟ್ಟಿದ ಹೆಸರೊಂದು ಸ್ಕಾಟ್ಲೆಂಡಿನಲ್ಲಿದೆ ಎಂದು ಆಮೇಲೆ ಓದಿ ತಿಳಿದೆ.

ಆ ಹೆಸರು ಐಯೋನಾ. ಹೆಣ್ಣುಮಕ್ಕಳಿಗೆ ಇಡುತ್ತಾರೆ. ಸ್ಕಾಟ್ಲೆಂಡಿನ ಹೊರಗೆ ಅಪರೂಪ. ಅಲ್ಲಿ ಊರು, ದ್ವೀಪಗಳ ಹೆಸರನ್ನು ಮಕ್ಕಳಿಗೆ ಇಡುವ ರೂಢಿಯಿದೆ. ಸ್ಕೈ, ಐಲ್ಸಾ ಕೂಡ ಹಾಗೆಯೇ ಬಂದವು. ಐಯೋನಾ ಪಶ್ಚಿಮ ಕರಾವಳಿಯಲ್ಲಿ ಮಲ್ ದ್ವೀಪದ ಪಕ್ಕದಲ್ಲಿರುವ ಪುಟ್ಟ ದ್ವೀಪ. ಉದ್ದ ಐದೂವರೆ ಕಿಲೋಮೀಟರು. ಕ್ರಿ.ಶ. 563ರಲ್ಲಿ ಕೊಲಂಬಾ ಎಂಬ ಕ್ರೈಸ್ತ ಸಂತರು ಐರ್ಲೆಂಡಿನಿಂದ ಬಂದು ಇಲ್ಲಿ ಮಠ ಕಟ್ಟಿದರು.

ದ್ವೀಪದ ಮೂಲ ಹೆಸರು ಒಂದೇ ಅಕ್ಷರದ್ದು: ‘ಈ’. ಯೂ ಎಂಬ ಮರದ ಹೆಸರಿನಿಂದ ಅದು ಬಂದಿರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ಕೊಲಂಬಾ ತೀರಿಕೊಂಡು ಸುಮಾರು ನೂರು ವರ್ಷಗಳ ಮೇಲೆ ಅದೇ ಮಠದ ಮುಖ್ಯಸ್ಥ ಅಡೊಮ್ನಾನ್ ಲ್ಯಾಟಿನ್‌ನಲ್ಲಿ ಅವರ ಜೀವನಚರಿತ್ರೆ ಬರೆದರು. ಅದರಲ್ಲಿ ದ್ವೀಪವನ್ನು ‘ಇಓವಾ’ ಎಂದು ಕರೆದರು. ಐ, ಓ, ಯು, ಎ ಎಂಬ ನಾಲ್ಕು ಅಕ್ಷರಗಳು. ಆಗ ಮುದ್ರಣವಿರಲಿಲ್ಲ, ಪುಸ್ತಕವನ್ನು ಕೈಯಿಂದಲೇ ನಕಲು ಮಾಡಬೇಕಿತ್ತು. ಮುಂದಿನ ಕಾಲದ ನಕಲುಗಾರರು ‘ಯು’ ಅನ್ನು ‘ಎನ್’ ಎಂದು ಓದಿದರು. ‘ಇಓವಾ’ ಹೋಗಿ ‘ಐಯೋನಾ’ ಆಯಿತು. ಸ್ವಿಟ್ಜರ್ಲೆಂಡಿನ ಶಾಫ್‌ಹೌಸೆನ್‌ನಲ್ಲಿರುವ ಅತಿ ಹಳೆಯ ಪ್ರತಿಯಲ್ಲಿ ಸರಿಯಾದ ರೂಪವೇ ಉಳಿದಿದೆ. ಜರ್ನಲ್‌ನಿಂದ ಲೆಡ್ಜರಿಗೆ ಏರಿಸುವಾಗ ಅಂಕಿ ತಪ್ಪುವುದು ನಮ್ಮಂಥ ಕಾಮರ್ಸ್‌ನವರಿಗೆ ಹೊಸತೇನಲ್ಲ.

ಆದರೆ ಈ ತಪ್ಪಿನಿಂದ ಲೆಕ್ಕ ತಾಳೆಯಾಗಿಬಿಟ್ಟಿತು! ಕೊಲಂಬಾ ಎಂದರೆ ಲ್ಯಾಟಿನ್‌ನಲ್ಲಿ ಪಾರಿವಾಳ. ಹೀಬ್ರೂವಿನಲ್ಲಿ ಪಾರಿವಾಳಕ್ಕೆ ‘ಯೋನಾ’ ಎನ್ನುತ್ತಾರೆ. ಸಂತರ ಹೆಸರೂ ಪ್ರವಾದಿ ಯೋನಾರ ಹೆಸರೂ ಅರ್ಥದಲ್ಲಿ ಒಂದೇ ಎಂದು ಅಡೊಮ್ನಾನ್ ತಮ್ಮ ಮುನ್ನುಡಿಯಲ್ಲಿಯೇ ಬರೆದಿದ್ದರು. ಹೀಗೆ ತಪ್ಪಾಗಿ ನಕಲಾದ ದ್ವೀಪದ ಹೆಸರಿಗೂ ಅಲ್ಲಿ ಬಾಳಿದ ಸಂತರ ಹೆಸರಿಗೂ ತಾನಾಗಿಯೇ ಹೊಂದಿಕೆಯಾಯಿತು. ತಪ್ಪು ಉಳಿದುಕೊಂಡಿದ್ದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನಗನಿಸುತ್ತದೆ.

ಆ ಪ್ರವಾದಿ ಯೋನಾ ನಮಗೆ ಹೊಸಬರಲ್ಲ. ಮೀನಿನ ಹೊಟ್ಟೆಯಲ್ಲಿ ದುಆ ಮಾಡಿದ ಹಜರತ್ ಯೂನುಸ್ ಅಲೈಹಿಸ್ಸಲಾಂ ಅವರೇ. ಕುರ್‌ಆನ್‌ನ ಹತ್ತನೇ ಸೂರಾ ಅವರ ಹೆಸರಿನಲ್ಲಿದೆ. ಇದನ್ನು ಹೇಳಿದಾಗ ಅಮ್ಮಿ, “ಹಾಗಾದರೆ ಅದು ನಮ್ಮ ಯೂನುಸ್ ಮಾಮೂ ಹೆಸರೇ ಅಲ್ಲವಾ!” ಎಂದು ನಕ್ಕರು. ಪೂರ್ತಿ ಹಾಗಲ್ಲ. ದ್ವೀಪದ ಹೆಸರು ಹುಟ್ಟಿದ್ದು ಮರದಿಂದ, ಪಾರಿವಾಳ ಬಂದು ಕೂತದ್ದು ಆಮೇಲೆ. ಕೆಲವು ಹೆಸರಿನ ಪುಸ್ತಕಗಳು ಐಯೋನಾ ಎಂದರೆ ಗ್ರೀಕ್‌ನಲ್ಲಿ ನೇರಳೆ ಬಣ್ಣದ ಹೂವು ಎನ್ನುತ್ತವೆ. ಅದು ‘ಐಯೋನಿ’ ಎಂಬ ಬೇರೆಯೇ ಹೆಸರು. ಮಗುವಿಗೆ ಹೆಸರು ಹುಡುಕುವವರು ಇಲ್ಲಿ ಎಡವುತ್ತಾರೆ.

ಗೇಲಿಕ್ ಮಾತನಾಡುವವರು ಈಗಲೂ ಆ ದ್ವೀಪವನ್ನು ‘ಈ’ ಎಂದೇ ಕರೆಯುತ್ತಾರೆ. ನನ್ನ ತಿದ್ದುಪಡಿ ಇನ್ನೂ ಆಗಿಲ್ಲ. ಪಿಯು ಪರೀಕ್ಷೆಯ ಅರ್ಜಿಯನ್ನು ಮಾತ್ರ ಈ ಸಲ ನಾನೇ ದೊಡ್ಡಕ್ಷರಗಳಲ್ಲಿ ತುಂಬಿದ್ದೇನೆ.