ನಟಿ ಮಾಡಿದ ಶೋಧ

ನೀವು ರೇಡಿಯೋ ಕೇಳುತ್ತೀರಿ, ಅಲ್ವಾ? ಗುಂಡಿ ತಿರುಗಿಸಿದರೆ ಮುಳ್ಳು ಸರಿಯುತ್ತದೆ. ಇಲ್ಲೊಂದು ಸ್ಟೇಷನ್, ಅಲ್ಲೊಂದು ಸ್ಟೇಷನ್. ಇದನ್ನೇ ಹಿಡಿದು ಒಬ್ಬ ಸಿನಿಮಾ ನಟಿ ದೊಡ್ಡ ಉಪಾಯ ಹೂಡಿದಳು. ಅವಳ ಹೆಸರು ಹೆಡಿ ಲಮಾರ್.

ಹೆಡಿ ೧೯೧೪ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ಹುಟ್ಟಿದಳು. ಅಪ್ಪ ಮಗಳ ಕೈಹಿಡಿದು ಸುತ್ತಾಡಿಸುತ್ತಿದ್ದರು. ಯಾವ ಯಂತ್ರ ಹೇಗೆ ಓಡುತ್ತೆ ಅಂತ ಹೇಳಿಕೊಡುತ್ತಿದ್ದರು. ಮುಂದೆ ಹೆಡಿಗೆ ಮದುವೆಯಾಯಿತು. ಗಂಡ ಮದ್ದುಗುಂಡು ತಯಾರಿಸುವ ಸಾಹುಕಾರ. ಅವನ ಕಾಟ ತಾಳದೆ ೧೯೩೭ರಲ್ಲಿ ಮನೆ ಬಿಟ್ಟಳು. ಅಮೆರಿಕಾ ಸೇರಿ ದೊಡ್ಡ ನಟಿಯಾದಳು.

ಆಗ ಎರಡನೆಯ ಮಹಾಯುದ್ಧ ಬಂತು. ೧೯೪೦ರಲ್ಲಿ 'ಸಿಟಿ ಆಫ್ ಬೆನಾರಸ್' ಎಂಬ ಹಡಗನ್ನು ಜರ್ಮನರು ಮುಳುಗಿಸಿದರು. ನಮ್ಮ ಕಾಶಿಯ ಹೆಸರಿನ ಹಡಗು ಅದು. ಯುದ್ಧದಿಂದ ದೂರ ಕಳಿಸುತ್ತಿದ್ದ ೭೭ ಮಕ್ಕಳು ಸತ್ತರು. ಹೆಡಿಯ ಕರುಳು ಕಿವುಚಿತು. ಏನಾದರೂ ಮಾಡಬೇಕು ಅಂದುಕೊಂಡಳು.

ಟಾರ್ಪಿಡೋ ಎಂದರೆ ನೀರೊಳಗೆ ಹೋಗಿ ಹಡಗಿಗೆ ಬಡಿಯುವ ಸಿಡಿಗುಂಡು. ಅದಕ್ಕೆ ರೇಡಿಯೋದಿಂದ ದಾರಿ ತೋರಿಸಬಹುದು. ಆದರೆ ಶತ್ರು ಅದೇ ಸ್ಟೇಷನ್ ಹುಡುಕಿ ಗದ್ದಲ ಹಾಕಿದರೆ? ಟಾರ್ಪಿಡೋ ದಾರಿ ತಪ್ಪುತ್ತದೆ.

"ಒಂದೇ ಕಡೆ ನಿಲ್ಲೋದು ಬೇಡ, ಹಾರುತ್ತಾ ಇರಲಿ" ಎಂಬುದು ಹೆಡಿಯ ಉಪಾಯ. ಕಳಿಸುವ ಯಂತ್ರ, ಕೇಳುವ ಯಂತ್ರ ಎರಡೂ ಒಟ್ಟಿಗೆ ಸ್ಟೇಷನ್ ಬದಲಿಸಬೇಕು. ಹಾರುವ ಕ್ರಮ ಶತ್ರುವಿಗೆ ತಿಳಿಯಬಾರದು. ಸಂಗೀತಗಾರ ಜಾರ್ಜ್ ಆಂಥೈಲ್ ಜೊತೆಗೂಡಿದರು. ತಾನೇ ನುಡಿಯುವ ಪಿಯಾನೋದಲ್ಲಿ ತೂತು ಕೊರೆದ ಕಾಗದದ ಸುರುಳಿ ಇರುತ್ತದೆ. ಅಂಥದೇ ಸುರುಳಿಯನ್ನು ಎರಡೂ ಕಡೆ ಇಡೋಣ ಅಂದರು. ಪಿಯಾನೋಗೆ ೮೮ ಮನೆ, ಇದಕ್ಕೂ ೮೮ ಸ್ಟೇಷನ್.

೧೯೪೨ರ ಆಗಸ್ಟ್ ೧೧ರಂದು ಇಬ್ಬರಿಗೂ ಸರ್ಕಾರದಿಂದ ಪೇಟೆಂಟ್, ಅಂದರೆ ಶೋಧದ ಹಕ್ಕುಪತ್ರ, ಸಿಕ್ಕಿತು. ಆದರೆ ನೌಕಾಪಡೆ ಯುದ್ಧದಲ್ಲಿ ಅದನ್ನು ಬಳಸಲಿಲ್ಲ. ಹೆಡಿ ಊರೂರು ತಿರುಗಿ ಯುದ್ಧನಿಧಿಗೆ ಹಣ ಕೂಡಿಸಿದಳು. ಜನ ಅವಳ ಚೆಲುವು ನೋಡಿದರು, ಬುದ್ಧಿ ನೋಡಲಿಲ್ಲ. ೧೯೫೯ಕ್ಕೆ ಹಕ್ಕಿನ ಅವಧಿ ಮುಗಿಯಿತು. ಶೋಧದಿಂದ ಒಂದು ಕಾಸೂ ಬರಲಿಲ್ಲ.

ಹೀಗೆ ಹಾರುವ ಉಪಾಯ ಬೇರೆಯವರಿಗೂ ಹೊಳೆದಿತ್ತು. ಇಂದು ಮೊಬೈಲಿನ ಬ್ಲೂಟೂತ್ ಕೂಡ ಹೀಗೇ ಹಾರುತ್ತದೆ. ೧೯೯೭ರಲ್ಲಿ ಹೆಡಿಗೆ ಪ್ರಶಸ್ತಿ ಬಂತು. ಆಗ ಅವಳಿಗೆ ೮೨ ವರ್ಷ. ೨೦೦೦ದಲ್ಲಿ ತೀರಿಕೊಂಡಳು.

ರೂಪ ಕಣ್ಣಿಗೆ ಬೇಗ ಕಾಣುತ್ತದೆ. ಬುದ್ಧಿಯನ್ನು ನಾವೇ ಕೇಳಿ ತಿಳಿಯಬೇಕು.

ಉತ್ತರ ಬರೆಯಿರಿ:
೧. ಟಾರ್ಪಿಡೋ ದಾರಿ ತಪ್ಪುವುದು ಏಕೆ?
೨. ಹೆಡಿಯ ಉಪಾಯ ಏನು?

ಕೂಡಿ ಮಾತಾಡಿ:
ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮಾತು ಕೇಳುತ್ತೀರಾ?