ರೊಟ್ಟಿ ಉಬ್ಬಬೇಕೇ? ‘ಕೈಗುಣ’ದ ನೆಪ ಬಿಡಿ, ಈ 10 ಸೂತ್ರ ಹಿಡಿಯಿರಿ

ಆಳಂದದಿಂದ ಬೆಂಗಳೂರಿಗೆ ಕೋಚಿಂಗ್‌ಗೆ ಹೋದವರು, ಅಫಜಲಪುರದಿಂದ ಪುಣೆಗೆ ಕೆಲಸಕ್ಕೆ ಹೋದವರು, ಜೇವರ್ಗಿಯಿಂದ ದಿನಾ ಕಲಬುರಗಿಗೆ ಬಸ್ಸಿನಲ್ಲಿ ಓಡಾಡುವವರು, ಎಲ್ಲರ ದೂರೂ ಒಂದೇ: “ಎಲ್ಲಾ ಸಿಗ್ತದ, ಮನಿ ರೊಟ್ಟಿ ಸಿಗಂಗಿಲ್ಲ.” ಸಿಗದಿದ್ದರೆ ನೀವೇ ಮಾಡಿ. ಯೀಸ್ಟ್ ಬೇಡ, ಓವನ್ ಬೇಡ, ಎಣ್ಣೆಯೂ ಬೇಡ. ಜೋಳದ ಹಿಟ್ಟು, ನೀರು, ಒಂದು ಹಂಚು ಮತ್ತು ಎರಡು ಕೈ ಸಾಕು. ಪಿಎಸ್‌ಐ ಪರೀಕ್ಷೆಯ ಸಿಲಬಸ್ ಮುಗಿಸುವ ಛಲ ಇರುವವರಿಗೆ ಇದು ದೊಡ್ಡದಲ್ಲ.

1. ‘ಕೈಗುಣ’ ಎಂಬ ಮಾತನ್ನು ಇವತ್ತೇ ಬಿಡಿ.
ನಮ್ಮ ಕಡೆ ಯಾರನ್ನೇ ಕೇಳಿ, “ಅದಕ್ಕ ಕೈಗುಣ ಬೇಕು ತಮ್ಮಾ” ಅನ್ನುತ್ತಾರೆ. ನಂಬಬೇಡಿ. ಹಾಗೆ ಹೇಳುವ ಅವ್ವ ಚಿಕ್ಕಂದಿನಲ್ಲೇ ಒಲೆಯ ಮುಂದೆ ಕುಳಿತು ಸಣ್ಣ ಸಣ್ಣ ಉಂಡಿ ಬಡಿದು ಕಲಿತವಳು. ನಿಮಗೆ ಸಿಗದೇ ಇದ್ದದ್ದು ಆ ಪ್ರಾಕ್ಟೀಸ್ ಮಾತ್ರ. ರೊಟ್ಟಿ ಬಿರಿದಾಗ ಕೈಯನ್ನು ಬೈಯಬೇಡಿ. ಹಿಟ್ಟು ಹಳೆಯದೇ, ನೀರು ಆರಿತ್ತೇ, ಹಂಚು ಕಾದಿತ್ತೇ ಎಂದು ಚೆಕ್ ಮಾಡಿ. ತಪ್ಪು ಹೆಚ್ಚಾಗಿ ಈ ಮೂರರಲ್ಲೇ ಸಿಗುತ್ತದೆ. ಹುಡುಗರೇ, ‘ಇದು ಹೆಣ್ಮಕ್ಕಳ ಕೆಲಸ’ ಎಂಬ ಸಬೂಬು ಹೇಳಬೇಡಿ. ಹಸಿವು ಗಂಡು–ಹೆಣ್ಣು ನೋಡಿ ಬರುವುದಿಲ್ಲ.

2. ಜೋಳದಲ್ಲಿ ಕಾಂಪ್ರಮೈಸ್ ಮಾಡಬೇಡಿ.
ಅಂಗಡಿಯಲ್ಲಿ ‘ಜೋಳ ಕೊಡಿ’ ಅನ್ನಬೇಡಿ. ‘ಹಿಂಗಾರಿ ಬಿಳಿಜೋಳ, ಮಾಲದಂಡಿ’ ಎಂದು ಹೆಸರು ಹೇಳಿ ಕೇಳಿ. ಭೀಮಾ ತೀರದ ಎರೆ ಭೂಮಿಯಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿದ ಈ ಜೋಳ, ಮಳೆ ನಿಂತ ಮೇಲೆ ಮಣ್ಣು ಹಿಡಿದಿಟ್ಟ ತೇವದಲ್ಲೇ ಬೆಳೆಯುತ್ತದೆ. ಕಾಳು ಒಣ ಹವೆಯಲ್ಲಿ ಬಲಿಯುವುದರಿಂದ ಬೂಸ್ಟು ಹಿಡಿಯುವುದಿಲ್ಲ, ಬಣ್ಣ ಮುತ್ತಿನ ಹಾಗೆ ಉಳಿಯುತ್ತದೆ. ಮುಂಗಾರಿ ಜೋಳ ತೆನೆಯಲ್ಲಿದ್ದಾಗಲೇ ಮಳೆಗೆ ಸಿಕ್ಕರೆ ಕಾಳು ಕಪ್ಪಾಗುತ್ತದೆ, ರೊಟ್ಟಿಯ ಬಣ್ಣವೂ ರುಚಿಯೂ ಕೆಡುತ್ತವೆ.

ಎಂ 35-1 ಎಂಬ ಹೆಸರಾಂತ ತಳಿ ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ, ಸ್ಥಳೀಯ ಮಾಲದಂಡಿಯಿಂದಲೇ ಆಯ್ದು ತೆಗೆದದ್ದು, ಅದೂ ಸ್ವಾತಂತ್ರ್ಯಕ್ಕೆ ಮೊದಲು. ಆಮೇಲೆ ಎಷ್ಟೋ ಹೊಸ ತಳಿಗಳು ಬಂದವು. ರೊಟ್ಟಿಯ ವಿಷಯ ಬಂದರೆ ಜನ ಇವತ್ತಿಗೂ ಕೇಳುವುದು ಮಾಲದಂಡಿಯನ್ನೇ. ಸುಗ್ಗಿ ಮುಗಿದ ಕೂಡಲೇ, ಫೆಬ್ರವರಿ–ಮಾರ್ಚ್‌ನಲ್ಲಿ, ವರ್ಷಕ್ಕೆ ಬೇಕಾದಷ್ಟು ಕೊಂಡಿಡಿ. ಊರಲ್ಲಿ ಹೊಲ ಇದ್ದವರು ಪೇಟೆಯಲ್ಲಿ ಪ್ಯಾಕೆಟ್ ಹಿಟ್ಟು ಕೊಳ್ಳುವುದನ್ನು ಕಂಡರೆ ನನಗಂತೂ ಸಿಟ್ಟು ಬರುತ್ತದೆ.

3. ಹಿಟ್ಟು ಸ್ಟಾಕ್ ಮಾಡಬೇಡಿ.
ಕಾಳು ವರ್ಷ ತಾಳುತ್ತದೆ, ಹಿಟ್ಟು ತಾಳುವುದಿಲ್ಲ. ಎರಡು ವಾರಕ್ಕೆ ಆಗುವಷ್ಟೇ ಗಿರಣಿಗೆ ಹಾಕಿಸಿ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಕಹಿಯೂ ಆಗುತ್ತದೆ. ಸಣ್ಣಗೆ ಬೀಸಲು ಹೇಳಿ. ಗೋಧಿ ಬೀಸಿದ ಬೆನ್ನಿಗೇ ನಿಮ್ಮ ಜೋಳ ಹಾಕಲು ಬಿಡಬೇಡಿ.

4. ನೀರು ಕುದಿಯಲಿ. ಇದು ನಾನ್-ನೆಗೋಶಿಯೇಬಲ್.
ಹತ್ತು ಸೂತ್ರಗಳಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ. ಗೋಧಿಯಲ್ಲಿ ಗ್ಲುಟೆನ್ ಇದೆ. ತಣ್ಣೀರು ಹಾಕಿ ನಾದಿದರೂ ಅದು ಎಳೆ ಎಳೆಯಾಗಿ ಹಿಟ್ಟನ್ನು ಕಟ್ಟುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಇಲ್ಲಿ ಅಂಟಿನ ಕೆಲಸ ಮಾಡಬೇಕಾದದ್ದು ಪಿಷ್ಟ, ಅಂದರೆ ಸ್ಟಾರ್ಚ್. ಸ್ಟಾರ್ಚ್ ಅಂಟಾಗಲು ಕಾವು ಬೇಕು. ಉಗುರು ಬೆಚ್ಚಗಿನ ನೀರು ಹಾಕಿ ‘ರೊಟ್ಟಿ ಹರೀತದ’ ಎಂದು ಅಳುವವರು ಇದನ್ನು ಮರೆತಿರುತ್ತಾರೆ.

ಹೀಗೆ ಮಾಡಿ: ಒಂದು ಕಪ್ ಹಿಟ್ಟಿಗೆ ಮುಕ್ಕಾಲು ಕಪ್‌ನಿಂದ ಒಂದು ಕಪ್ ನೀರು ಲೆಕ್ಕ. ಎಸರಿಡಿ, ಚಿಟಿಕೆ ಉಪ್ಪು ಹಾಕಿ. ಪರಾತದಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ನೀರು ಸುರಿದು ಚಮಚದಿಂದ ಕಲಸಿ. ಎರಡು ನಿಮಿಷ ಮುಚ್ಚಿಡಿ. ಎಲ್ಲ ನೀರನ್ನೂ ಒಮ್ಮೆಲೇ ಸುರಿಯಬೇಡಿ. ಹೊಸ ಜೋಳ ಕಡಿಮೆ ಕುಡಿಯುತ್ತದೆ, ಹಳೆಯದು ಹೆಚ್ಚು.

5. ಬಿಸಿ ಇರುವಾಗಲೇ ನಾದಿ.
ಕೈ ತಡೆಯುವಷ್ಟು ಬಿಸಿ ಇರುವಾಗಲೇ ಶುರು ಮಾಡಿ. ಎಲ್ಲ ಹಿಟ್ಟನ್ನೂ ಒಟ್ಟಿಗೆ ನಾದಬೇಡಿ. ಒಂದು ರೊಟ್ಟಿಗೆ ಆಗುವಷ್ಟು ತೆಗೆದುಕೊಂಡು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ, ಮಿಕ್ಕದ್ದನ್ನು ಮುಚ್ಚಿಡಿ. ಉಂಡಿಯನ್ನು ಸ್ವಲ್ಪ ಅಮುಕಿ ನೋಡಿ. ಅಂಚು ಬಿರಿದರೆ ಇನ್ನೂ ನಾದಿ, ಬೇಕಾದರೆ ಬೆರಳಲ್ಲಿ ನೀರು ಮುಟ್ಟಿಸಿ. ಈಗ ಬಿರಿದದ್ದು ಬಡಿಯುವಾಗ ಹತ್ತು ಪಟ್ಟು ಬಿರಿಯುತ್ತದೆ.

6. ಅಂಚಿನಿಂದ ಬೆಳೆಸಿ, ನಡುವೆ ಗುದ್ದಬೇಡಿ.
ಒಣಹಿಟ್ಟು ಉದುರಿಸಿ, ಉಂಡಿ ಇಡಿ. ಒಂದು ಕೈ ಬಡಿಯಲಿ, ಇನ್ನೊಂದು ಕೈ ಅಂಚಿಗೆ ಕಾವಲಿರಲಿ. ಪ್ರತಿ ಏಟಿಗೂ ರೊಟ್ಟಿ ಸ್ವಲ್ಪ ತಿರುಗಬೇಕು. ತಿರುಗಲಿಲ್ಲ ಅಂದರೆ ತಳ ಅಂಟಿದೆ, ಒಣಹಿಟ್ಟು ಸಾಲದು. ಮೊದಲ ವಾರ ಅಂಗೈ ಅಗಲದ ರೊಟ್ಟಿಯೇ ಟಾರ್ಗೆಟ್; ಹಂಚಿನಗಲ ಆಮೇಲೆ. ಪ್ಲಾಸ್ಟಿಕ್ ಹಾಳೆಯ ನಡುವೆ ಲಟ್ಟಿಸಬಹುದೇ? ಹಾಸ್ಟೆಲ್‌ನಲ್ಲಿ ತೊಂದರೆಯಿಲ್ಲ. ಆದರೆ ಅಲ್ಲೇ ಸೆಟ್ಲ್ ಆಗಬೇಡಿ.

7. ಹಂಚಿನ ಮುಂದೆ ಮೊಬೈಲ್ ಬೇಡ.
ಇಲ್ಲಿ ಲೆಕ್ಕ ಸೆಕೆಂಡುಗಳಲ್ಲಿ. ಹಂಚಿಗೆ ನಾಲ್ಕು ಹನಿ ನೀರು ಚಿಮುಕಿಸಿ. ಹನಿ ಕುಣಿದು ಮಾಯವಾದರೆ ರೆಡಿ. ಒಣಹಿಟ್ಟು ಹತ್ತಿದ ಬದಿ ಮೇಲೆ ಬರುವ ಹಾಗೆ ರೊಟ್ಟಿ ಹಾಕಿ. ತಕ್ಷಣ ಒದ್ದೆ ಅರಿವೆಯಿಂದ ಮೇಲ್ಮೈಗೆಲ್ಲ ನೀರು ಸವರಿ. ಇದು ತಡವಾದರೆ ಮೇಲಿನ ಪದರ ಒಣಗಿ ಸೀಳುತ್ತದೆ, ಸೀಳಿದ ರೊಟ್ಟಿ ಉಬ್ಬುವುದಿಲ್ಲ. ನೀರು ಆರುತ್ತಿದ್ದ ಹಾಗೆ, ಪೂರ್ತಿ ಒಣಗುವ ಮೊದಲೇ, ತಿರುವಿ ಹಾಕಿ. ಎರಡನೆಯ ಬದಿ ಚೆನ್ನಾಗಿ ಬೇಯಲಿ. ಆಮೇಲೆ ಮತ್ತೆ ತಿರುವಿ ಅರಿವೆಯಿಂದ ಮೆಲ್ಲಗೆ ಒತ್ತಿ, ಅಥವಾ ನೇರ ಉರಿಯ ಮೇಲೆ ಹಿಡಿಯಿರಿ.

ಉಬ್ಬುವುದರ ಗುಟ್ಟು ಸರಳ. ಎರಡೂ ಕಡೆ ಪದರ ಬೆಂದು ಗಟ್ಟಿಯಾಗಿರುತ್ತದೆ, ನಡುವಿನ ನೀರು ಆವಿಯಾಗಿ ಹೊರಗೆ ಹೋಗಲು ದಾರಿಯಿಲ್ಲದೆ ಮೇಲಿನ ಪದರವನ್ನು ಎತ್ತುತ್ತದೆ. ಎಲ್ಲೋ ಸಣ್ಣ ತೂತು ಇದ್ದರೂ ಆವಿ ಅಲ್ಲಿಂದ ಪಾರು. ಹಂಚು ತಣ್ಣಗಿದ್ದರೆ ಆವಿ ಹುಟ್ಟುವ ಮೊದಲೇ ರೊಟ್ಟಿ ಒಣಗಿ ಬಿರುಸಾಗುತ್ತದೆ. ಅತಿ ಕಾದರೆ ಹೊರಗೆ ಕರಕು, ಒಳಗೆ ಹಸಿ. ಮೊದಲ ರೊಟ್ಟಿ ಕೆಟ್ಟರೆ ಅದು ಹಂಚಿನ ಟೆಸ್ಟ್ ಅಂದುಕೊಂಡು ಉರಿ ಸರಿಮಾಡಿ, ಎರಡನೆಯದಕ್ಕೆ ಹೋಗಿ.

8. ಟೈಮ್ ಫಿಕ್ಸ್ ಮಾಡಿ.
ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ಒಮ್ಮೆ ಹೋಗಿ ನೋಡಿ. ದತ್ತಾತ್ರೇಯ ಮಧ್ಯಾಹ್ನ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆಯಿಂದ ಭಕ್ತರು ಅದೇ ಹೊತ್ತಿಗೆ ಜೋಳಿಗೆ ಹಿಡಿದು ಮಧುಕರಿಗೆ ಹೊರಡುತ್ತಾರೆ, ಐದು ಮನೆ ಬೇಡುವುದು ರೂಢಿ. ನೀಡುವವರ ಅಡುಗೆ ಅಷ್ಟರೊಳಗೆ ಸಿದ್ಧವಾಗಿರಲೇಬೇಕು. ನೀವೂ ದಿನಕ್ಕೆ ಒಂದು ಹೊತ್ತು ಗೊತ್ತುಮಾಡಿಕೊಳ್ಳಿ. ದಿನಾ ನಾಲ್ಕು ರೊಟ್ಟಿ ಬಡಿಯುವವರು, ಭಾನುವಾರ ಮಾತ್ರ ನಲವತ್ತು ಬಡಿಯುವವರಿಗಿಂತ ಬೇಗ ಕಲಿಯುತ್ತಾರೆ.

9. ಬ್ಯಾಕಪ್ ಇರಲಿ: ಖಡಕ್ ರೊಟ್ಟಿ.
ಪರೀಕ್ಷೆ ಹತ್ತಿರ ಬಂತು, ಒಲೆ ಹಚ್ಚಲು ಪುರುಸೊತ್ತಿಲ್ಲ ಅನ್ನುವವರಿಗೆ ಇದೇ ದಾರಿ. ರೊಟ್ಟಿಯನ್ನು ತೆಳ್ಳಗೆ ಬಡಿದು ಬೇಯಿಸಿ, ಸಣ್ಣ ಉರಿಯಲ್ಲಿ ಒತ್ತಿ ಒತ್ತಿ ತೇವವೆಲ್ಲ ಹೋಗುವವರೆಗೆ ಒಣಗಿಸಿ. ಕೆಡಿಸುವುದು ತೇವ, ಅದೇ ಇಲ್ಲದಿದ್ದರೆ ರೊಟ್ಟಿ ವಾರಗಟ್ಟಲೆ ಇರುತ್ತದೆ. ಪೂರ್ತಿ ಆರಿದ ಮೇಲೆ ಮಾತ್ರ ಡಬ್ಬಿಗೆ ಹಾಕಿ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ದಿನಗಳ ಮೊದಲೇ ಅಟ್ಟಿಯಾಗಿ ಕುಳಿತಿರುತ್ತದೆ. ಆ ಪ್ಲಾನಿಂಗ್ ನೋಡಿ ಕಲಿಯಿರಿ. ಜೊತೆಗೆ ಶೇಂಗಾ ಹಿಂಡಿ, ಮೊಸರು ಇದ್ದರೆ ರೂಮಿನಲ್ಲಿ ಊಟ ಮುಗಿಯಿತು. ಪುಂಡಿ ಪಲ್ಯ ಸಿಕ್ಕಿದ ದಿನ ಮಾತ್ರ ಬಿಸಿ ರೊಟ್ಟಿಯನ್ನೇ ಮಾಡಿ. ಇದು ನನ್ನ ಹಟ.

10. ಕೈ ಕುದುರಿತೇ? ದುಡ್ಡು ಮಾಡಿ.
‘ರೊಟ್ಟಿ ಮಾರುವುದೇ?’ ಎಂದು ಮೂಗು ಮುರಿಯುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ. ಕಲಬುರಗಿ ಜಿಲ್ಲಾಡಳಿತ ಸ್ವಸಹಾಯ ಸಂಘಗಳ ಮಹಿಳೆಯರನ್ನು ಸೇರಿಸಿ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡನ್ನೇ ಕಟ್ಟಿದೆ. 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ಮಹಿಳೆಯರ ಹೆಸರೆತ್ತಿ, ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ತಯಾರಾಗುತ್ತಿದೆ, ಬೆಂಗಳೂರಿನಲ್ಲಿ ಕೌಂಟರ್ ತೆರೆದಿದೆ, ಆನ್‌ಲೈನ್ ಆರ್ಡರ್ ಬರುತ್ತಿದೆ ಎಂದರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವಾಗಿ ಆಚರಿಸಿದ ಮೇಲೆ ಪೇಟೆಯವರು ತಾವಾಗಿ ಜೋಳ ಹುಡುಕಿಕೊಂಡು ಬರುತ್ತಿದ್ದಾರೆ. ಮಾರ್ಕೆಟ್ ರೆಡಿ ಇದೆ.

ಶುರು ಮಾಡುವುದು ಖಡಕ್ ರೊಟ್ಟಿಯಿಂದ. ಬಿಸಿ ರೊಟ್ಟಿ ದೂರ ಹೋಗುವುದಿಲ್ಲ. ಎಲ್ಲ ರೊಟ್ಟಿಯೂ ಒಂದೇ ಅಳತೆ, ಒಂದೇ ತೂಕ ಇರಲಿ. ಉಂಡಿಯನ್ನು ತಕ್ಕಡಿಯಲ್ಲಿ ತೂಗಿ ಬಡಿಯಿರಿ. ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲೇ ಮಾಡಿಸಿ, ಪ್ಯಾಕೆಟ್ ಮೇಲೆ ತಯಾರಿಸಿದ ದಿನಾಂಕ ಹಾಕಿ. ಮಷಿನ್ ಕೊಳ್ಳುವ ಹಂತಕ್ಕೆ ಬಂದರೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯ ಬಗ್ಗೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ; ಸಣ್ಣ ಆಹಾರ ಘಟಕಗಳಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಯೋಜನೆ ಅದು.

ರೇಟ್ ಹಾಕುವಾಗ ಜೋಳ, ಗಿರಣಿ, ಗ್ಯಾಸ್, ಪ್ಯಾಕಿಂಗ್ ಎಲ್ಲ ಬರೆದು, ಕೊನೆಗೆ ನಿಮ್ಮ ಕೂಲಿಯನ್ನೂ ಸೇರಿಸಿ. ಮನೆಯಲ್ಲಿ ಕುಳಿತು ಮಾಡಿದ್ದಕ್ಕೆ ಕೂಲಿ ಏಕೆ ಎಂದು ಬಿಟ್ಟುಬಿಟ್ಟವರ ಲೆಕ್ಕ ಮೂರನೆಯ ತಿಂಗಳಲ್ಲೇ ಕುಸಿಯುತ್ತದೆ. ಮದುವೆ ಸೀಸನ್‌ನ ದೊಡ್ಡ ಆರ್ಡರ್ ಬಂದರೆ ಅರ್ಧ ಹಣ ಮುಂಗಡ ಕೇಳಿ, ಆರ್ಡರ್ ಕೊಟ್ಟವರು ಸ್ವಂತ ಕಾಕಾನೇ ಆಗಿದ್ದರೂ.