ಜೋಡಿ ಮೊಲ ಸಾಕುವವರಿಗೆ ಮೊದಲ ಪಾಠ

ಗುಂಡ್ಲುಪೇಟೆ ಕಡೆಯ ಹೊಲಗಳಲ್ಲಿ ಕಳೆ ಕೀಳುವಾಗ, ಬದುವಿನ ಹುಲ್ಲಿನೊಳಗೆ ಕಂದು ಬಣ್ಣದ ಮೊಲದ ಮರಿಯೊಂದು ಮುದುಡಿ ಕೂತಿರುವುದು ಕಣ್ಣಿಗೆ ಬೀಳುವುದುಂಟು. ತಾಯಿ ಬಿಟ್ಟುಹೋಗಿದೆ ಎಂದು ಮರುಗಿ ಮಕ್ಕಳು ಅದನ್ನು ಮನೆಗೆ ಎತ್ತಿಕೊಂಡು ಬರುತ್ತಾರೆ. ಮೊಲ ಸಾಕಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ಇದು: ಆ ಮರಿಯನ್ನು ಸಾಕುವಂತಿಲ್ಲ. ಅದು ಕಾಡುಮೊಲ. ತಾಯಿ ಹಗಲೆಲ್ಲ ದೂರವೇ ಉಳಿದು, ಕತ್ತಲಾದ ಮೇಲೆ ಬಂದು ಹಾಲೂಡಿಸಿ ಹೋಗುತ್ತದೆ. ತಾನು ಹತ್ತಿರವಿದ್ದರೆ ನರಿ, ನಾಯಿಗಳಿಗೆ ಮರಿಯ ಜಾಡು ಸಿಗುತ್ತದೆ ಎಂಬುದೇ ಕಾರಣ. ಗಾಯವಿಲ್ಲದ ಮರಿಯನ್ನು ಸಿಕ್ಕ ಜಾಗದಲ್ಲೇ ಬಿಟ್ಟುಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಮೊಲವನ್ನು ಹಿಡಿಯುವುದೂ ಸಾಕುವುದೂ ಅಪರಾಧ.

ನಾವು ಸಾಕುವ ಮೊಲ ಬೇರೆಯೇ ಜಾತಿ. ಅದರ ಮೂಲ ಸ್ಪೇನ್, ಪೋರ್ಚುಗಲ್ ಸೀಮೆ. ಕಾಡುಮೊಲದ ಮರಿ ಕಣ್ಣು ಬಿಟ್ಟುಕೊಂಡು, ಮೈತುಂಬ ರೋಮದೊಂದಿಗೇ ಬಯಲಲ್ಲಿ ಹುಟ್ಟುತ್ತದೆ. ಸಾಕುಮೊಲದ ಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಮೈಮೇಲೆ ರೋಮವಿರುವುದಿಲ್ಲ. ಅದರ ಹಿರೀಕರು ಬಿಲ ತೋಡಿ ಗುಂಪಾಗಿ ಬದುಕಿದವರು. ಹುಲ್ಲು ತಿಂದವರು, ಹತ್ತಾರು ಪ್ರಾಣಿಗಳಿಗೆ ಹೆದರಿ ಬಾಳಿದವರು. ಹುಲ್ಲು, ಭಯ, ಸಂಗ: ಈ ಮೂರನ್ನು ನೆನಪಿಟ್ಟುಕೊಂಡರೆ ಮೊಲ ಸಾಕಣೆಯ ಬಹುಪಾಲು ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಹುಲ್ಲು

ಮೊಲ ಎಂದರೆ ಕ್ಯಾರೆಟ್ ಎಂಬ ನಂಬಿಕೆ ಚಿತ್ರಪುಸ್ತಕಗಳಿಂದ ಬಂದದ್ದು. ಮೊಲದ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು. ಇದಕ್ಕೆ ಎರಡು ಕಾರಣ. ಮೊಲದ ಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ನಾರುಳ್ಳ ಹುಲ್ಲನ್ನು ಗಂಟೆಗಟ್ಟಲೆ ಅಗಿದರೆ ಮಾತ್ರ ಸವೆಯುತ್ತವೆ. ಎರಡನೆಯದು, ಅದರ ಕರುಳು ನಿಲ್ಲದೆ ಚಲಿಸುತ್ತಿರಬೇಕು, ಚಲನೆಗೆ ನಾರು ಬೇಕು. ಅನ್ನ, ಚಪಾತಿ, ಬಿಸ್ಕತ್ತು, ಕಡಲೆ ತಿಂದ ಮೊಲದ ಹೊಟ್ಟೆ ಉಬ್ಬುತ್ತದೆ, ಕರುಳು ನಿಂತುಹೋಗುತ್ತದೆ.

ಹುಲ್ಲಿನ ವಿಚಾರದಲ್ಲಿ ನಮ್ಮ ಚಾಮರಾಜನಗರ ಜಿಲ್ಲೆಯವರು ಅದೃಷ್ಟವಂತರು. ಗರಿಕೆ ಎಲ್ಲೆಡೆ ಸಿಗುತ್ತದೆ. ಹಸಿಯಾಗಿಯೂ ಕೊಡಬಹುದು, ನೆರಳಲ್ಲಿ ಒಣಗಿಸಿಯೂ ಇಡಬಹುದು. ಸೀಮೆಹುಲ್ಲು ಬೆಳೆಯುವವರಿದ್ದರೆ ಅದನ್ನೂ ಕತ್ತರಿಸಿ ಹಾಕಿ. ರಾಗಿ ಹುಲ್ಲನ್ನು ಇದರ ಜೊತೆ ಬೆರೆಸಬಹುದು, ಆದರೆ ಅದೊಂದರಲ್ಲೇ ಸತ್ವ ಸಾಲದು. ಮೆದೆಯಿಂದ ಎಳೆಯುವಾಗ ಬೂಷ್ಟು ಹಿಡಿದದ್ದನ್ನು ತೆಗೆದುಹಾಕಿ. ದಿನಕ್ಕೆ ಪ್ರತಿ ಮೊಲಕ್ಕೂ ಅದರ ಮೈಯಷ್ಟು ದೊಡ್ಡ ಗುಡ್ಡೆ ಒಣಹುಲ್ಲು ಹಗಲೂ ರಾತ್ರಿ ಎದುರಿಗಿರಲಿ.

ಇದರ ಮೇಲೆ ಬೆಳಿಗ್ಗೆ, ಸಂಜೆ ಒಂದೊಂದು ಹಿಡಿ ಸೊಪ್ಪು: ಕೊತ್ತಂಬರಿ, ಪುದೀನ, ಮೂಲಂಗಿ ಸೊಪ್ಪು, ಕ್ಯಾರೆಟ್ಟಿನ ಎಲೆ. ರೇಷ್ಮೆ ಸಾಕುವ ಮನೆಗಳಲ್ಲಿ ಹಿಪ್ಪುನೇರಳೆ ಎಲೆ ಇದ್ದೇ ಇರುತ್ತದೆ. ಮೊಲಕ್ಕೆ ಅದು ಬಲು ಇಷ್ಟ. ಪ್ರೋಟೀನ್ ಹೆಚ್ಚಿರುವುದರಿಂದ ಮಿತವಾಗಿ ಕೊಡಿ. ಹೊಸ ಸೊಪ್ಪನ್ನು ಮೊದಲ ದಿನ ಎರಡೇ ಎಲೆ ಹಾಕಿ, ಹಿಕ್ಕೆ ಸಡಿಲವಾಗದಿದ್ದರೆ ಮುಂದುವರಿಯಿರಿ. ಅಂಗಡಿಯ ಪೆಲೆಟ್ ಕೊಡುವುದಾದರೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 25 ಗ್ರಾಂ ಸಾಕು. ಕ್ಯಾರೆಟ್, ಬಾಳೆಹಣ್ಣು ಎಂದಾದರೊಮ್ಮೆ ಉಗುರಿನಷ್ಟು.

ಕೊಡಬಾರದವುಗಳ ಪಟ್ಟಿಯೂ ಇಲ್ಲಿಯದೇ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮತ್ತು ಟೊಮೆಟೊ ಗಿಡದ ಎಲೆ ಬೇಡ. ಬೇಲಿ ಬದಿಯ ಎಕ್ಕ, ಹರಳು, ಲಂಟಾನ, ಪಾರ್ಥೇನಿಯಂ ಹುಲ್ಲಿನ ಹೊರೆಯಲ್ಲಿ ಸೇರದಂತೆ ನೋಡಿಕೊಳ್ಳಿ. ಎಳೆ ಜೋಳದ ಪೈರು ದನಕ್ಕೆ ವಿಷವೆಂದು ರೈತರಿಗೆ ಗೊತ್ತೇ ಇದೆ. ಅದನ್ನು ಮೊಲದ ಹತ್ತಿರಕ್ಕೂ ತರಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಚೆಂಡುಹೂವು ಅಥವಾ ತರಕಾರಿ ಹೊಲದ ಬದುವಿನಿಂದ ಹುಲ್ಲು ಕೊಯ್ಯುವ ಮುನ್ನ ಔಷಧಿ ಹೊಡೆದದ್ದು ಯಾವಾಗ ಎಂದು ಹೊಲದವರನ್ನು ಕೇಳಿ.

ಒಂದು ವಿಷಯಕ್ಕೆ ಹೊಸಬರು ಗಾಬರಿಯಾಗುತ್ತಾರೆ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ: ಒಣಗಿದ ಗುಂಡು ಹಿಕ್ಕೆ ಒಂದು, ದ್ರಾಕ್ಷಿ ಗೊಂಚಲಿನಂತೆ ಮೆತ್ತಗಿರುವುದು ಇನ್ನೊಂದು. ಮೆತ್ತಗಿನದನ್ನು ಅದು ಬಾಯಿ ಹಾಕಿ ತಾನೇ ತಿನ್ನುತ್ತದೆ. ಅದು ರೋಗವಲ್ಲ, ಮೊದಲ ಸಲ ದಕ್ಕದ ಸತ್ವವನ್ನು ಎರಡನೆಯ ಸಲ ಪಡೆಯುವ ಕ್ರಮ.

ಭಯ

ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗಿರಲಿ. ಒದ್ದಾಡಿದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಆದ್ದರಿಂದ ಎತ್ತುವುದಕ್ಕಿಂತ ನೀವೇ ನೆಲದ ಮೇಲೆ ಕೂತು, ಅದು ಹತ್ತಿರ ಬರುವವರೆಗೆ ಕಾಯುವುದು ಲೇಸು. ಮೇಲಿನಿಂದ ಬರುವ ಕೈ ಅದರ ಪಾಲಿಗೆ ಗಿಡುಗ.

ಗೂಡು ಎಷ್ಟು ದೊಡ್ಡದಿರಬೇಕು? ಜೋಡಿಗೆ ಕನಿಷ್ಠ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ ಜಾಗ ಸದಾ ತೆರೆದಿರಲಿ ಎನ್ನುತ್ತದೆ ಬ್ರಿಟನ್ನಿನ ರ‍್ಯಾಬಿಟ್ ವೆಲ್‌ಫೇರ್ ಅಸೋಸಿಯೇಷನ್. ಅಂಗಡಿಯ ಪಂಜರ ಇದಕ್ಕೆ ಸಾಲದು. ಜಗಲಿಯ ಒಂದು ಬದಿಗೆ, ಅಥವಾ ಬಳಸದ ಕೋಣೆಗೆ ಜಾಲರಿ ಹಾಕಿದರೆ ಖರ್ಚೂ ಕಡಿಮೆ. ಕೋಳಿ ಗೂಡಿನ ತೆಳು ಜಾಲರಿಯನ್ನು ನಾಯಿ ಹರಿದುಬಿಡುತ್ತದೆ. ಸಣ್ಣ ಕಣ್ಣಿನ ವೆಲ್ಡ್ ಮೆಶ್ ಬೇಕು. ನೆಲ ಜಾಲರಿಯದಾಗಬಾರದು, ಪಾದ ಹುಣ್ಣಾಗುತ್ತದೆ. ಗಟ್ಟಿ ನೆಲದ ಮೇಲೆ ದಪ್ಪನಾಗಿ ಹುಲ್ಲು ಹಾಸಿ. ಬೀದಿನಾಯಿ, ಬೆಕ್ಕು, ಮುಂಗುಸಿ, ಹಾವು ಎಲ್ಲ ಕಡೆಯೂ ಇವೆ. ಬಂಡೀಪುರದ ಅಂಚಿನ ಊರುಗಳಲ್ಲಿ ಚಿರತೆಯೂ ಉಂಟು. ರಾತ್ರಿ ಮೊಲಗಳು ಮನೆಯೊಳಗೇ ಇರಲಿ.

ಗೂಡಿನೊಳಗೆ ಅಡಗುವ ತಾಣ ಎರಡಾದರೂ ಬೇಕು. ಎರಡು ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆ ಸಾಕಾಗುತ್ತದೆ. ಬೇಸಿಗೆಗೆ ಮಲಗಿಸಿಟ್ಟ ದೊಡ್ಡ ಮಣ್ಣಿನ ಮಡಕೆ ಇನ್ನೂ ಒಳ್ಳೆಯದು. ಮೊಲ ಚಳಿಯನ್ನು ತಡೆದೀತು, ಸೆಖೆಯನ್ನು ತಡೆಯದು. ಉಷ್ಣಾಂಶ 30 ಡಿಗ್ರಿ ದಾಟಿದರೆ ಕಷ್ಟ ಶುರು. ಮಾರ್ಚಿನಿಂದ ಮೇವರೆಗೆ ಚಾಮರಾಜನಗರದಲ್ಲಿ ತಗಡಿನ ಶೀಟಿನ ಕೆಳಗೆ ಮೊಲ ಇಡುವಂತೆಯೇ ಇಲ್ಲ. ಹೆಂಚಿನ ಮಾಡು, ಚಪ್ಪಡಿ ಕಲ್ಲಿನ ನೆಲ, ಜಾಲರಿಗೆ ಇಳಿಬಿಟ್ಟ ಒದ್ದೆ ಗೋಣಿ, ಬಟ್ಟೆ ಸುತ್ತಿದ ಮಂಜುಗಡ್ಡೆ ಬಾಟಲಿ ಇವು ಮದ್ದು. ಮೊಲ ಬಾಯಿ ತೆರೆದು ಏದುಸಿರು ಬಿಟ್ಟರೆ ಕಿವಿಗಳನ್ನು ತಣ್ಣನೆ ಬಟ್ಟೆಯಿಂದ ಒರೆಸುತ್ತ ವೈದ್ಯರಲ್ಲಿಗೆ ಹೊರಡಿ; ನೀರಿನಲ್ಲಿ ಮುಳುಗಿಸಬೇಡಿ. ಸ್ನಾನವೂ ಅದಕ್ಕೆ ಬೇಡ.

ಹೆದರುವ ಪ್ರಾಣಿ ತನ್ನ ನೋವನ್ನು ಮುಚ್ಚಿಡುತ್ತದೆ. ಹಾಗಾಗಿ ಮೊಲದ ಆರೋಗ್ಯವನ್ನು ತಟ್ಟೆ ಮತ್ತು ಹಿಕ್ಕೆ ನೋಡಿ ತಿಳಿಯಬೇಕು. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಬೀಳದಿದ್ದರೆ ನಾಳೆ ನೋಡೋಣ ಎನ್ನುವಂತಿಲ್ಲ. ಮಳೆಗಾಲದಲ್ಲಿ ಬಾಲದಡಿ ಕೊಳಕಾಗಿದ್ದರೆ ನೊಣ ಕೂತು ಹುಳ ಬೀಳುತ್ತದೆ. ಕಿವಿ, ಮೂಗಿನ ಮೇಲೆ ಹಕ್ಕಳೆ ಕಂಡರೆ ಕಜ್ಜಿ. ನಾಯಿಗೆ ಹಾಕುವ ಉಣ್ಣೆಯ ಔಷಧಿಯನ್ನು ಹಾಕಬೇಡಿ. ಅದರಲ್ಲಿ ಫಿಪ್ರೊನಿಲ್ ಇದ್ದರೆ ಮೊಲ ಸಾಯಬಹುದು. ತಾಲ್ಲೂಕು ಪಶು ಆಸ್ಪತ್ರೆಗೆ ಬರುವುದು ಹೆಚ್ಚಾಗಿ ದನ, ಕುರಿ, ಆಡು. ಮೊಲ ತರುವ ಮೊದಲೇ ಅಲ್ಲಿ ವಿಚಾರಿಸಿ, ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನಲ್ಲಿ ಮೊಲದ ಅನುಭವವಿರುವ ವೈದ್ಯರು ಯಾರೆಂದು ತಿಳಿದುಕೊಂಡಿರಿ.

ಸಂಗ

ಮೊಲಕ್ಕೆ ಮೊಲವೇ ಜೊತೆ. ಒಂಟಿ ಮೊಲ ಸೊರಗುತ್ತದೆ. ಆದರೆ ಎರಡನ್ನು ತಂದು ಒಂದೇ ಗೂಡಿಗೆ ಬಿಟ್ಟರೆ ಜೋಡಿಯಾಗುವುದಿಲ್ಲ. ಮೊದಲು ಗಂಡು, ಹೆಣ್ಣು ಯಾವುದೆಂದು ವೈದ್ಯರಿಂದ ತಿಳಿಯಿರಿ. ಎಳೆಮರಿಗಳಲ್ಲಿ ಮಾರುವವರೂ ತಪ್ಪು ಹೇಳುತ್ತಾರೆ. ಗಂಡು, ಹೆಣ್ಣು ಒಟ್ಟಿಗಿದ್ದರೆ ನಾಲ್ಕೈದು ತಿಂಗಳಿಗೇ ಗಬ್ಬ ಕಟ್ಟಬಹುದು. ಸುಮಾರು 31 ದಿನಕ್ಕೆ ಮರಿ ಹಾಕಿ, ಅದೇ ದಿನ ಮತ್ತೆ ಗಬ್ಬವಾಗಬಲ್ಲದು.

ಆದ್ದರಿಂದ ಒಳ್ಳೆಯ ಜೋಡಿ ಎಂದರೆ ಸಂತಾನಹರಣ ಚಿಕಿತ್ಸೆಯಾದ ಒಂದು ಗಂಡು, ಒಂದು ಹೆಣ್ಣು. ಹೆಣ್ಣಿಗೆ ಮುಂದೆ ಬರಬಹುದಾದ ಗರ್ಭಕೋಶದ ಕ್ಯಾನ್ಸರನ್ನೂ ಈ ಚಿಕಿತ್ಸೆ ತಪ್ಪಿಸುತ್ತದೆ. ಗಂಡಿಗೆ ಚಿಕಿತ್ಸೆಯಾದ ಮೇಲೂ ಆರು ವಾರ ಬೇರೆಯಾಗಿಡಿ. ಅಷ್ಟು ದಿನ ಬೀಜಶಕ್ತಿ ಉಳಿದಿರಬಹುದು. ಚಿಕಿತ್ಸೆಗೆ ಮುನ್ನ ಉಪವಾಸ ಹಾಕಬೇಡಿ. ಮೊಲಕ್ಕೆ ವಾಂತಿಯಾಗುವುದಿಲ್ಲ, ಹೊಟ್ಟೆ ಖಾಲಿಯಾದರೇ ಅಪಾಯ.

ಪರಿಚಯ ಜಾಲರಿಯ ಎರಡು ಬದಿಯಿಂದ ಆರಂಭವಾಗಲಿ. ಎರಡೂ ಗೂಡು ಅಕ್ಕಪಕ್ಕ ಇರಲಿ, ನಡುವೆ ನಾಲ್ಕು ಬೆರಳಿನಷ್ಟು ಜಾಗವಿರಲಿ. ದಿನ ಬಿಟ್ಟು ದಿನ ಹಾಸಿನ ಹುಲ್ಲನ್ನು ಅದಲುಬದಲು ಮಾಡಿ. ಒಂದರ ವಾಸನೆ ಇನ್ನೊಂದಕ್ಕೆ ಪಳಗುತ್ತದೆ. ಎರಡೂ ಜಾಲರಿಯ ಬಳಿಯೇ ಒರಗಿ ಮಲಗತೊಡಗಿದ ಮೇಲೆ, ಇಬ್ಬರದೂ ಅಲ್ಲದ ಜಾಗದಲ್ಲಿ, ಅಂದರೆ ಇಬ್ಬರೂ ಕಾಲಿಡದ ಕೋಣೆಯಲ್ಲೋ ತಾರಸಿಯ ನೆರಳಲ್ಲೋ, ಹತ್ತು ನಿಮಿಷ ಒಟ್ಟಿಗೆ ಬಿಡಿ. ನಡುವೆ ಹುಲ್ಲಿನ ಗುಡ್ಡೆ ಇಡಿ. ದಿನದಿನಕ್ಕೂ ಹೊತ್ತು ಹೆಚ್ಚಿಸಿ.

ಒಂದರ ಮೇಲೊಂದು ಏರುವುದು, ಚೂರು ಅಟ್ಟುವುದು ಸಹಜ. ಯಾರು ಮೇಲು ಎಂದು ತೀರ್ಮಾನಿಸಿಕೊಳ್ಳುತ್ತಿವೆ. ಬಾಲ ನಿಗುರಿಸಿ ಸುತ್ತು ಹೊಡೆಯುತ್ತ, ಕಿವಿ ಹಿಂದಕ್ಕೆ ಮಡಿಸಿ ಗುರುಗುಟ್ಟಿದರೆ ಜಗಳ ಬಂತೆಂದೇ ಅರ್ಥ. ಕೈ ಹಾಕಬೇಡಿ, ಪೊರಕೆಯನ್ನೋ ರಟ್ಟನ್ನೋ ನಡುವೆ ತೂರಿಸಿ ಬಿಡಿಸಿ, ಎರಡು ದಿನ ಜಾಲರಿಯ ಹಂತಕ್ಕೆ ಮರಳಿ. ಕೆಲವು ಜೋಡಿ ವಾರದಲ್ಲಿ ಒಗ್ಗುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು. ಒಂದು ತಲೆ ತಗ್ಗಿಸಿ ಕೂತಾಗ ಇನ್ನೊಂದು ಅದರ ಹಣೆ ನೆಕ್ಕತೊಡಗಿದರೆ ಅರ್ಧ ದಾರಿ ಕಳೆದಂತೆ. ಹಲವು ದಿನ ಜಗಳವಿಲ್ಲದೆ ಒಟ್ಟಿಗೆ ಕಳೆದ ಮೇಲಷ್ಟೇ, ಚೆನ್ನಾಗಿ ತೊಳೆದು ಹೊಸ ಹುಲ್ಲು ಹಾಸಿದ ಗೂಡಿಗೆ ಎರಡನ್ನೂ ಬಿಡಿ.

ಜೋಡಿ ಕೂಡಿದ ಮೇಲೆ ಅಗಲಿಸಬೇಡಿ. ಒಂದಕ್ಕೆ ಕಾಯಿಲೆಯಾದರೂ ಎರಡನ್ನೂ ಒಂದೇ ಬುಟ್ಟಿಯಲ್ಲಿ ಆಸ್ಪತ್ರೆಗೆ ಒಯ್ಯಿರಿ. ಒಂದನ್ನೇ ಒಯ್ದರೆ ಅದು ಮದ್ದಿನ ವಾಸನೆ ಹೊತ್ತು ಮರಳುತ್ತದೆ. ಮನೆಯಲ್ಲಿದ್ದದ್ದು ಅದನ್ನು ಪರಕೀಯವೆಂದು ಬಗೆದು ಮೇಲೆ ಬೀಳಬಹುದು. ಸರಿಯಾಗಿ ನೋಡಿಕೊಂಡ ಮೊಲ ಎಂಟು, ಹತ್ತು ವರ್ಷ ಬಾಳುತ್ತದೆ. ಇಂದು ಐದನೇ ತರಗತಿಯ ಮಗುವಿಗೆಂದು ತಂದ ಜೋಡಿಗೆ, ಆ ಮಗು ಕಾಲೇಜಿಗೆಂದು ಊರು ಬಿಟ್ಟ ಮೇಲೂ ದಿನಾ ಹುಲ್ಲು ಕೊಯ್ದು ಹಾಕುವವರು ಯಾರು ಎಂಬುದನ್ನು ಮೊಲ ಕೊಳ್ಳುವ ಮೊದಲೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ.